‘ವರಿ’ ಮತ್ತು ‘ಮರುಗು’
(ಅಮೀರ್‌ಪೇಟ್‌ನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವನು ಕದಂಬರಿಂದ ಹೊರಟು, ಚಾಲುಕ್ಯ ರಾಷ್ಟ್ರಕೂಟರನ್ನು ಕಂಡು, ಹೊಯ್ಸಳರ ಗುಡಿಗಳಿಗೆ ಕೈಮುಗಿದು, ವಿಜಯನಗರದಲ್ಲಿ ಇಳಿಯಬೇಕೆಂಬುದು ವಾಡಿಕೆ. ಆ ಯಾತ್ರೆಯನ್ನು ನನಗಿಂತ ಮೊದಲು ಮಾತನಾಡಿದ ಹಿರಿಯರು ಸೊಗಸಾಗಿ ಮಾಡಿಸಿದ್ದಾರೆ. ಆದ್ದರಿಂದ ನಾನು ಒಂದು ಸಣ್ಣ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಅದು ಒಂದೇ ಒಂದು ಕ್ರಿಯಾಪದ. ಅದೂ ಕನ್ನಡದ್ದಲ್ಲ, ಇಂಗ್ಲಿಷಿನದು. ಕನ್ನಡದ ಹಬ್ಬದ ದಿನ ಇಂಗ್ಲಿಷ್ ಮಾತಿನ ಪುರಾಣವೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಅವರಲ್ಲಿ ನನ್ನ ಬಿನ್ನಹ ಇಷ್ಟೆ: ಆ ಮಾತು ನಮ್ಮ ಮನೆಗೆ ಬಂದು ಬಹಳ ಕಾಲವಾಯಿತು, ಅಡುಗೆಮನೆಯವರೆಗೂ ಬಂದುಬಿಟ್ಟಿದೆ. ಮನೆಯೊಳಗೆ ಇಷ್ಟು ಸಲಿಗೆಯಿಂದ ಓಡಾಡುವವರ ಊರು ಯಾವುದು, ಬಳಗ ಯಾವುದು ಎಂದು ಒಮ್ಮೆಯಾದರೂ ವಿಚಾರಿಸುವುದು ಮನೆಯವರ ಧರ್ಮ.

ಆ ಮಾತು ‘ವರಿ’. ಪರೀಕ್ಷೆಗೆ ಹೊರಟ ಮಗುವಿಗೆ “ವರಿ ಮಾಡಬೇಡ” ಎನ್ನುತ್ತೇವೆ. ಊರಿನಲ್ಲಿರುವ ತಾಯಿಗೆ ಫೋನಿನಲ್ಲಿ “ನೀ ಏನೂ ವರಿ ಮಾಡ್ಕೋಬ್ಯಾಡವ್ವಾ, ನಾ ಆರಾಮ ಇದ್ದೀನಿ” ಎನ್ನುತ್ತೇವೆ. ರಾಯಚೂರಿನವರ ಕನ್ನಡ ಬೇರೆ, ಮೈಸೂರಿನವರ ಕನ್ನಡ ಬೇರೆ, ಮಂಗಳೂರಿನವರದು ಮತ್ತೂ ಬೇರೆ. ಆದರೆ ಈ ಒಂದು ಮಾತಿನ ಮಟ್ಟಿಗೆ ಕರ್ನಾಟಕದ ಏಕೀಕರಣ ಪೂರ್ಣವಾಗಿದೆ ಎನ್ನಬಹುದು.

ಇಷ್ಟು ಮೃದುವಾಗಿ ನಾವು ಬಳಸುವ ಈ ಮಾತಿನ ಹುಟ್ಟು ಮಾತ್ರ ಮೃದುವಾದುದಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ರೂಪ ‘ವಿರ್ಗನ್’. ಅರ್ಥ, ಕತ್ತು ಹಿಸುಕು. ಜರ್ಮನ್ ಭಾಷೆಯಲ್ಲಿ ಅದರ ಸೋದರ ‘ವ್ಯುರ್ಗೆನ್’ ಇಂದಿಗೂ ಅದೇ ಅರ್ಥದಲ್ಲಿ ಬಾಳುತ್ತಿದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಇಂಗ್ಲಿಷ್ ನಿಘಂಟನ್ನು ನಮಗೆ ಕೊಟ್ಟ ಕಿಟ್ಟೆಲರ ತಾಯ್ನುಡಿ ಜರ್ಮನ್. ‘ಚಿಂತೆ’ ಎಂಬ ಕನ್ನಡ ಮಾತಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆಯಲು ಕುಳಿತ ಆ ಪುಣ್ಯಾತ್ಮನ ಮನೆಮಾತಿನಲ್ಲಿ ಈ ‘ವರಿ’ಯ ಸೋದರ ಕೊರಳಿಗೆ ಹಾಕಿದ ಕೈಯನ್ನು ಇನ್ನೂ ತೆಗೆದಿರಲಿಲ್ಲ.

ಕತ್ತು ಹಿಸುಕುವ ಕೆಲಸ ಮನುಷ್ಯನ ಕೈಯಿಂದ ಕ್ರಮೇಣ ಪ್ರಾಣಿಯ ಬಾಯಿಗೆ ಹೋಯಿತು. ನಡುಗಾಲದ ಇಂಗ್ಲಿಷಿನಲ್ಲಿ ‘ವರಿ’ ಎಂದರೆ ತೋಳವೋ ನಾಯಿಯೋ ಕುರಿಯ ಗಂಟಲಿಗೆ ಬಾಯಿ ಹಾಕಿ, ಕಚ್ಚಿ ಹಿಡಿದು, ಅಲುಗಾಡಿಸಿ ಹರಿಯುವುದು. ೧೭೫೫ರಲ್ಲಿ ಪ್ರಕಟವಾದ ಸ್ಯಾಮ್ಯುಯಲ್ ಜಾನ್‌ಸನ್ನರ ಹೆಸರಾಂತ ಇಂಗ್ಲಿಷ್ ನಿಘಂಟಿನಲ್ಲಿ ಈ ಪದಕ್ಕೆ ಸಿಕ್ಕುವ ಅರ್ಥಗಳು, ಮೃಗವು ಬೇಟೆಯನ್ನು ಸಿಗಿಯುವುದು ಮತ್ತು ಕ್ರೂರವಾಗಿ ಪೀಡಿಸುವುದು. ಇಂದು ನಾವು ಬಳಸುವ ಅರ್ಥ, ಒಬ್ಬನು ತನ್ನೊಳಗೆ ತಾನೇ ಚಿಂತಿಸುವುದು, ಅಲ್ಲಿ ಇಲ್ಲವೇ ಇಲ್ಲ. ಅದು ಬಂದದ್ದು ೧೯ನೆಯ ಶತಮಾನದಲ್ಲಿ. ಕೊರಳು ಕಚ್ಚುವುದು ಮೊದಲು. ಆಮೇಲೆ ಇನ್ನೊಬ್ಬರನ್ನು ಕಾಡಿ ಪೀಡಿಸುವುದು. ಕಡೆಗೆ ತಾನೇ ಒಳಗೊಳಗೆ ಬೇಯುವುದು. ಇದು ಆ ಮಾತು ನಡೆದು ಬಂದ ದಾರಿ.

ಹಳೆಯ ಅರ್ಥ ಸತ್ತುಹೋಯಿತೆಂದು ತಿಳಿಯಬೇಡಿ. ೧೯೫೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ದನಕುರಿಗಳನ್ನು ನಾಯಿಗಳಿಂದ ರಕ್ಷಿಸಲು ಒಂದು ಕಾಯಿದೆ ಮಾಡಿತು. ಹೊಲದಲ್ಲಿ ನಾಯಿಯು ಕುರಿಯ ಮೇಲೆ ಬಿದ್ದರೆ ನಾಯಿಯ ಒಡೆಯ ಅಪರಾಧಿ. ಆ ಬೀಳುವ ಕೆಲಸಕ್ಕೆ ಕಾಯಿದೆಯು ಬಳಸಿದ ಕ್ರಿಯಾಪದ ಇದೇ ‘ವರಿ’. ಇಂಗ್ಲೆಂಡಿನ ಕುರಿಗಾರನು ತನ್ನ ನೆರೆಯವನ ನಾಯಿ ‘ವರಿ’ ಮಾಡಿತೆಂದು ದೂರು ಕೊಟ್ಟರೆ, ನಾಯಿಗೆ ಚಿಂತೆ ಹತ್ತಿತೆಂದು ಅರ್ಥವಲ್ಲ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ವ್ಯಾಕರಣದ ಒಂದು ಅಂಶ. ಹಿಂದೆ ಆ ವಾಕ್ಯದಲ್ಲಿ ಇಬ್ಬರಿದ್ದರು. ನಾಯಿ ಕರ್ತೃ, ಕುರಿ ಕರ್ಮ. ಕಚ್ಚುವವರು ಯಾರು, ಕಚ್ಚಿಸಿಕೊಂಡವರು ಯಾರು ಎಂಬುದು ಸ್ಪಷ್ಟ. ಇಂದಿನ ವಾಕ್ಯದಲ್ಲಿ ಒಬ್ಬನೇ ಇದ್ದಾನೆ. ‘ನಾನು ವರಿ ಮಾಡುತ್ತೇನೆ.’ ಕ್ರಿಯಾಪದ ಅಕರ್ಮಕವಾಯಿತು; ನಾಯಿ ವಾಕ್ಯದಿಂದ ಮಾಯವಾಯಿತು. ಆದರೆ ಕಚ್ಚು ಮಾಯವಾಗಲಿಲ್ಲ. ಕಚ್ಚುವವನೂ ನಾನೇ, ಕೊರಳು ಕೊಟ್ಟವನೂ ನಾನೇ ಎಂಬಂತಾಯಿತು. “ವರಿ ಮಾಡಬೇಡ” ಎಂಬ ಸಮಾಧಾನದ ಮಾತಿನಲ್ಲಿ ನಮಗೆ ತಿಳಿಯದಂತೆಯೇ ಒಂದು ಆಕ್ಷೇಪಣೆ ಸೇರಿಕೊಂಡಿದೆ. ಇದು ನೀನು ಮಾಡುತ್ತಿರುವ ಕೆಲಸ, ನಿಲ್ಲಿಸಿದರೆ ನಿಲ್ಲುತ್ತದೆ ಎಂಬ ಧ್ವನಿ ಅಲ್ಲಿದೆ. ನಾಯಿ ಬಾಯಿ ಹಾಕಿರುವಾಗ ಕುರಿಗೆ “ಸುಮ್ಮನಿರು” ಎಂದರೆ ಎಷ್ಟು ಪ್ರಯೋಜನವೋ ಇದರಿಂದಲೂ ಅಷ್ಟೆ.

ಇಂಗ್ಲಿಷಿನ ಇಂಥ ಬೇರೆ ಮಾತುಗಳನ್ನೂ ಒಂದು ಸುತ್ತು ನೋಡೋಣ. ‘ಫ್ರೆಟ್’ ಎಂಬುದರ ಮೂಲಾರ್ಥ ಕಬಳಿಸು, ತಿಂದುಹಾಕು. ‘ರಿಮೋರ್ಸ್’ ಎಂದರೆ ಮತ್ತೆ ಕಚ್ಚುವುದು. ಲ್ಯಾಟಿನ್ನಿನ ಕಚ್ಚು ಎಂಬ ಧಾತುವಿನಿಂದ ಬಂದದ್ದು. ‘ಟಾರ್ಮೆಂಟ್’ ಬಂದದ್ದು ತಿರುಚು ಎಂಬ ಧಾತುವಿನಿಂದ. ‘ಹ್ಯಾರೋ’ ಎಂಬುದು ರೈತನ ಹಲುಬೆ. ಉತ್ತ ನೆಲದ ಹೆಂಟೆಗಳನ್ನು ಒಡೆಯಲು ಎಳೆಯುವ ಹಲ್ಲುಗಳ ಉಪಕರಣ ನಮ್ಮಲ್ಲಿ ಯಾರು ನೋಡಿಲ್ಲ? ಆ ಹಲುಬೆಯನ್ನು ಮನುಷ್ಯನ ಜೀವದ ಮೇಲೆ ಎಳೆಯುವ ಅರ್ಥದಲ್ಲಿ ಷೇಕ್ಸ್‌ಪಿಯರನು ತನ್ನ ಹ್ಯಾಮ್ಲೆಟ್ ನಾಟಕದಲ್ಲಿ ಬಳಸಿದ್ದಾನೆ. ನಮ್ಮ ‘ಹಲುಬು’ ಎಂಬ ಕ್ರಿಯಾಪದ ಇದರ ನೆಂಟನೋ ಎಂದು ಕೇಳುವ ಆಸೆಯಾಗುತ್ತದೆ. ಅಲ್ಲ, ಅಲ್ಲಿರುವುದು ಉಚ್ಚಾರದ ಹೋಲಿಕೆ ಮಾತ್ರ. ಹಲುಬೆಯಲ್ಲಿರುವುದು ಹಲ್ಲು, ಹಲುಬುವುದರಲ್ಲಿರುವುದು ಅಳು.

ಒಟ್ಟಿನಲ್ಲಿ ಆ ಭಾಷೆಯಲ್ಲಿ ಮನಸ್ಸಿನ ನೋವೆಂದರೆ ಹೊರಗಿನಿಂದ ಬಂದ ಹಲ್ಲು, ಉಗುರು, ಹಗ್ಗಗಳ ಕೆಲಸ. ಗಂಟಲು ಕಟ್ಟುವ ಚಿತ್ರವಂತೂ ಬಹಳ ಹಳೆಯದು. ‘ಆಂಗ್ಜೈಟಿ’ಯ ಬೇರು ಲ್ಯಾಟಿನ್ನಿನಲ್ಲಿ ಬಿಗಿ ಹಿಡಿ, ಉಸಿರು ಕಟ್ಟಿಸು ಎಂಬ ಧಾತು. ‘ಆಂಗ್ವಿಶ್’ ಬಂದದ್ದು ಇಕ್ಕಟ್ಟು ಎಂಬರ್ಥದ ಪದದಿಂದ. ಇದೇ ಬಳಗದ ಹೆಣ್ಣುಮಗಳು ನಮ್ಮ ದೇಶದಲ್ಲೂ ಇದ್ದಾಳೆ. ಋಗ್ವೇದದಲ್ಲಿ ಬರುವ ‘ಅಂಹಸ್’ ಎಂಬ ಪದ. ಇಕ್ಕಟ್ಟು, ಸಂಕಷ್ಟ, ಪಾಪ ಎಂಬ ಅರ್ಥಗಳು ಅದಕ್ಕಿವೆ. ಅಷ್ಟು ದೂರವೇಕೆ, ನಾವು ದಿನವೂ ಆಡುವ ‘ಸಂಕಟ’ವನ್ನೇ ನೋಡಿ. ಸಂಸ್ಕೃತದಲ್ಲಿ ಸಂಕಟವೆಂದರೆ ಮೊದಲು ಕಿರಿದಾದ ದಾರಿ, ಇಕ್ಕಟ್ಟಾದ ಜಾಗ. ಅನಂತರ ಅಂಥ ಜಾಗದಲ್ಲಿ ಸಿಕ್ಕಿಕೊಂಡವನ ಪಾಡು. ಸಂಜೆ ಆರು ಗಂಟೆಗೆ ಅಮೀರ್‌ಪೇಟ್‌ನ ಮೆಟ್ರೋ ನಿಲ್ದಾಣದಲ್ಲಿ ಒಂದು ಗಾಡಿಯಿಂದಿಳಿದು ಇನ್ನೊಂದು ಗಾಡಿಗೆ ಹೋಗುವವರಿಗೆ ಈ ಮೂಲಾರ್ಥವನ್ನು ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಮನೆಗೆ ಬರೋಣ. ಕನ್ನಡಿಗನು ಮನಸ್ಸಿನ ನೋವನ್ನು ಹೇಳುವಾಗ ಹೆಚ್ಚಾಗಿ ಹೋಗುವುದು ಕಾಡಿಗಲ್ಲ, ಒಲೆಯ ಬಳಿಗೆ. ಹೊಟ್ಟೆ ಬೇಯುತ್ತದೆ, ಒಡಲು ಉರಿಯುತ್ತದೆ, ಜೀವ ಕುದಿಯುತ್ತದೆ. ಬೇಗೆ, ಬೇಗುದಿ, ಕುದಿತ. ಕಳವಳ, ತಳಮಳ ಎಂಬ ಮಾತುಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ಎಸರು ಕುದಿಯುವ ಸದ್ದು ಕಿವಿಗೆ ಬೀಳುತ್ತದೆ. ಸಂಸ್ಕೃತದಿಂದ ಬಂದ ಮಾತುಗಳಲ್ಲೂ ನಮಗೆ ಒಗ್ಗಿದವು ಬೆಂಕಿಯವೇ. ತಾಪವೆಂದರೆ ಕಾವು. ಪರಿತಾಪ, ಸಂತಾಪ, ಪಶ್ಚಾತ್ತಾಪಗಳೆಲ್ಲ ಆ ಕಾವಿನ ಮಕ್ಕಳು. ಶೋಕಕ್ಕೆ ವೇದದ ಕಾಲದಲ್ಲಿ ಉರಿ ಎಂಬ ಅರ್ಥವಿತ್ತು. ಶುಚಿ ಎಂಬ ಮಾತೂ ಅದೇ ಧಾತುವಿನಿಂದ ಬಂದದ್ದು. ಉರಿದದ್ದು ಶುದ್ಧವಾಗುತ್ತದೆಂಬ ಭಾವನೆ ಇಲ್ಲಿ ಇದ್ದೀತು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ಹಿರಿಯರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ.

ಈ ಒಲೆಯ ಮಾತುಗಳಲ್ಲಿ ಒಂದನ್ನು ನಾನು ಹೈದರಾಬಾದಿನಲ್ಲಿದ್ದುದರಿಂದಲೇ ಸರಿಯಾಗಿ ಅರಿತೆ ಎನ್ನಬೇಕು. ಅದು ‘ಮರುಗು’. ಕನ್ನಡದಲ್ಲಿ ಮರುಗುವುದೆಂದರೆ ಇನ್ನೊಬ್ಬರ ಕಷ್ಟವನ್ನು ಕಂಡು ನೋಯುವುದು. ನಮ್ಮ ತೆಲುಗು ನೆರೆಮನೆಯಾಕೆ ಒಲೆಯ ಮೇಲೆ ಪಾತ್ರೆಯಿಟ್ಟು “ನೀಳ್ಳು ಮರುಗುತುನ್ನಾಯಿ” ಎನ್ನುತ್ತಾರೆ; ನೀರು ಕುದಿಯುತ್ತಿದೆ ಎಂದು ಅದರ ಅರ್ಥ. ತೆಲುಗಿನಲ್ಲಿ ಮರುಗುವುದು ನೀರು. ಕನ್ನಡದಲ್ಲಿ ಮರುಗುವುದು ಮನಸ್ಸು. ಅಲ್ಲಿ ಪಾತ್ರೆಗೆ ಬೆಂಕಿ ತಾಗಿ ನೀರು ಮರುಗಿದರೆ, ಇಲ್ಲಿ ನೆರೆಯವನ ಮನೆಯ ಬೆಂಕಿಗೆ ನಮ್ಮ ಎದೆ ಮರುಗುತ್ತದೆ. ಬೇರೆ ಭಾಷೆಯವರ ನಡುವೆ ಬಾಳುವುದರಿಂದ ನಮ್ಮ ಭಾಷೆ ಸವೆಯುತ್ತದೆಂದು ದುಃಖಿಸುವವರು ಬಹಳ. ಅದು ಸುಳ್ಳಲ್ಲ. ಆದರೆ ನೆರೆಯವರ ಮಾತಿನ ಬೆಳಕಿನಲ್ಲಿ ನಮ್ಮ ಮಾತಿನ ಒಳಗು ಕಾಣುವ ಲಾಭವೂ ನಮಗುಂಟು. ಬೆಂಗಳೂರಿನಲ್ಲಿದ್ದವರಿಗೆ ಇದು ಅಷ್ಟು ಸುಲಭವಾಗಿ ದೊರೆಯದು.

ಇನ್ನೊಂದು ಜೋಡಿ ‘ದಿಗಿಲು’. ನಾವು ದಿಗಿಲೆಂದರೆ ಥಟ್ಟನೆ ಹುಟ್ಟುವ ಹೆದರಿಕೆ. ತೆಲುಗಿನ ‘ದಿಗುಲು’ ಮನಸ್ಸನ್ನು ಕವಿದು ಕೂರುವ ಬೇಸರ, ಯೋಚನೆ. ತೆಲುಗಿನಲ್ಲಿ ‘ಬೆಂಗ’ ಎಂಬ ಮತ್ತೊಂದು ಸೊಗಸಾದ ಮಾತಿದೆ. ತಾಯಿಯನ್ನು ಬಿಟ್ಟು ಅಜ್ಜಿಯ ಮನೆಯಲ್ಲಿ ಉಳಿದ ಮಗು ಊಟ ಬಿಟ್ಟು, ಆಟ ಬಿಟ್ಟು, ಬಾಗಿಲ ಕಡೆ ನೋಡುತ್ತ ಕುಳಿತರೆ ಅದಕ್ಕೆ ಬೆಂಗ ಹಿಡಿದಿದೆ ಎನ್ನುತ್ತಾರೆ. ಊರು ಬಿಟ್ಟು ಬಂದ ನಮ್ಮೆಲ್ಲರ ಕಾಯಿಲೆ ಅದು. ನಮ್ಮ ‘ಹಂಬಲ’ ಅದರ ಹತ್ತಿರಕ್ಕೆ ಬರುತ್ತದೆ.

ಹೈದರಾಬಾದಿನ ಉರ್ದುವನ್ನು ಬಿಟ್ಟರೆ ಈ ಊರಿಗೆ ಅನ್ಯಾಯ ಮಾಡಿದಂತೆ. ಕಲಬುರಗಿ, ಬೀದರ, ರಾಯಚೂರಿನ ನಮ್ಮ ಜನ “ಫಿಕರ್ ಮಾಡಬ್ಯಾಡ” ಎನ್ನುವುದು ಇಲ್ಲಿಂದ ಹೋದ ಮಾತು. ‘ಫಿಕ್ರ್’ ಎಂಬ ಅರಬ್ಬೀ ಪದಕ್ಕೆ ಮೊದಲ ಅರ್ಥ ಆಲೋಚನೆ. ನಮ್ಮ ‘ಚಿಂತೆ’ಗೂ ಸಂಸ್ಕೃತದಲ್ಲಿ ಮೊದಲ ಅರ್ಥ ಅದೇ. ಎಲ್ಲಿಯ ಅರಬಸ್ಥಾನ, ಎಲ್ಲಿಯ ಭರತಖಂಡ! ಇಬ್ಬರೂ ಬೇರೆ ಬೇರೆಯಾಗಿ ಒಂದೇ ಸತ್ಯವನ್ನು ಕಂಡುಕೊಂಡರು: ಆಲೋಚನೆ ಅಳತೆ ಮೀರಿದರೆ ಅದೇ ಬೇನೆ. ‘ಪರೇಶಾನ್’ ಎಂಬ ಪಾರಸಿ ಮಾತಿನ ಚಿತ್ರ ಬೇರೆ. ಅದರ ಮೂಲಾರ್ಥ ಚೆದರಿದ, ಕೆದರಿದ. ಕಟ್ಟು ಬಿಚ್ಚಿದ ಹುಲ್ಲಿನ ಹೊರೆ ಗಾಳಿಗೆ ಸಿಕ್ಕಂತಾದ ಮನಸ್ಸು ಪರೇಶಾನ್. ಒಂದೇ ಗಲ್ಲಿಯಲ್ಲಿ ವಾಸಿಸುವ ನಾಲ್ವರಲ್ಲಿ ಒಬ್ಬನಿಗೆ ಕೊರಳು ಬಿಗಿಯುತ್ತದೆ, ಒಬ್ಬಳಿಗೆ ಒಡಲು ಕುದಿಯುತ್ತದೆ, ಒಬ್ಬನಿಗೆ ಆಲೋಚನೆ ಹೆಚ್ಚಾಗುತ್ತದೆ, ಇನ್ನೊಬ್ಬನ ಜೀವ ಚೆದರಿಹೋಗುತ್ತದೆ. ನೋವು ಒಂದೇ ಇರಬಹುದು. ಅದನ್ನು ಹಿಡಿಯುವ ಇಕ್ಕುಳ ಬೇರೆ ಬೇರೆ.

ಇಷ್ಟು ಹೊತ್ತು ಹೇಳಿದ್ದು ಪದಗಳ ಊರು, ಬಳಗ. ಇದರಿಂದ ಆಗಬೇಕಾದದ್ದೇನು ಎಂದು ನೀವು ಕೇಳಬೇಕು, ನಾನೂ ಹೇಳಬೇಕು.

ನಮ್ಮ ಮನೆಗಳಲ್ಲಿ ಈಗ ಉಳಿದಿರುವುದು ಎರಡೇ ಮಾತು. ದೊಡ್ಡವರದು ‘ವರಿ’, ಮಕ್ಕಳದು ‘ಟೆನ್ಷನ್’. ಪರೀಕ್ಷೆ ಹತ್ತಿರ ಬಂದರೆ ಟೆನ್ಷನ್, ಕೆಲಸ ಹೋದರೆ ಟೆನ್ಷನ್, ಗೆಳೆಯ ಮಾತು ಬಿಟ್ಟರೆ ಟೆನ್ಷನ್, ಅಜ್ಜ ತೀರಿಕೊಂಡರೂ ಟೆನ್ಷನ್. ಇಂಗ್ಲಿಷ್ ಮಾತೆಂಬುದಕ್ಕಾಗಿ ನನಗೆ ಅದರ ಮೇಲೆ ಮುನಿಸಿಲ್ಲ. ಬಸ್ಸು, ಪೆನ್ನು, ಕಾಫಿಗಳಂತೆ ಅವೂ ಬಂದವು; ಇರಲಿ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಸುರಿದದ್ದರಿಂದ ಯಾವುದರ ರುಚಿ ಯಾವುದೆಂದು ತಿಳಿಯದಂತಾಯಿತು ಎಂಬುದೇ ನನ್ನ ದೂರು.

ನಮ್ಮ ಹಿರಿಯರು ಇವನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಇಟ್ಟಿದ್ದರು. ನಿಘಂಟುಕಾರರು ಎಲ್ಲವನ್ನೂ ‘ದುಃಖಿಸು’ ಎಂಬ ಒಂದೇ ಮಾತಿನಿಂದ ಬಿಡಿಸಬಹುದು, ಬಳಕೆಯಲ್ಲಿ ಒಂದರ ಗಡಿಯನ್ನು ಇನ್ನೊಂದು ದಾಟುವುದೂ ಉಂಟು. ಆದರೂ ಮನೆಯಲ್ಲಿ ಮಾತಾಡುವವರ ಕಿವಿಗೆ ವ್ಯತ್ಯಾಸ ಗೊತ್ತು. ಚಿಂತೆ ನಾಳೆಯದು, ಮುಂದಿನ ತಿಂಗಳ ಬಾಡಿಗೆ, ಮಗಳ ಮದುವೆ, ಮಗನ ನೌಕರಿ. ಕಳವಳ ಈಗಿನದು, ರಾತ್ರಿ ಹನ್ನೊಂದಾಯಿತು, ಮಗ ಇನ್ನೂ ಮನೆಗೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಪರಿತಾಪ ನಿನ್ನೆಯದು, ಅಪ್ಪ ಇದ್ದಾಗ ಇನ್ನೊಂದು ಸಲ ಊರಿಗೆ ಹೋಗಿ ಬರಬೇಕಾಗಿತ್ತು. ಹಂಬಲ ದೂರದ್ದು, ಬಾವಿಯ ನೀರು, ಜೋಳದ ರೊಟ್ಟಿ, ಹಿತ್ತಲಿನ ಮಾವಿನ ಮರ. ಹಲುಬುವುದು ಬಾಯಿಬಿಟ್ಟು, ಅದಕ್ಕೆ ಕೇಳುವ ಕಿವಿ ಬೇಕು. ಮರುಗುವುದು ಇನ್ನೊಬ್ಬರಿಗಾಗಿ. ಕೊರಗುವುದು ಒಬ್ಬನೇ, ಬಾಯಿ ಬಿಡದೆ, ತಿಂಗಳುಗಟ್ಟಲೆ.

ಕೊರಗನ್ನು ನಾನು ಕಡೆಗೆ ಇಟ್ಟದ್ದಕ್ಕೆ ಕಾರಣವುಂಟು. ಉಳಿದವು ಕುದಿಯುವ ಮಾತುಗಳು. ಕುದಿಯುವುದಕ್ಕೆ ಸದ್ದಿದೆ, ಉಕ್ಕುತ್ತದೆ, ಯಾರಾದರೂ ಓಡಿಬಂದು ಉರಿ ತಗ್ಗಿಸುತ್ತಾರೆ. ಕೊರಗುವುದು ಬಾಡುವ ಮಾತು. ಒಣಗು, ಸೊರಗು, ಕೊರಗು ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿ. ನೀರಿಲ್ಲದ ಗಿಡ ಕೂಗುವುದಿಲ್ಲ. ಎಲೆ ಬಾಗಿದ್ದನ್ನು ನೋಡಿ ನಾವೇ ತಿಳಿಯಬೇಕು.

ಈ ಭೇದ ಪಂಡಿತರ ವಿನೋದಕ್ಕಲ್ಲ. ಒಂದೊಂದು ಮಾತೂ ಮನೆಯವರಿಗೆ ಒಂದೊಂದು ಕೆಲಸ ಹೇಳುತ್ತದೆ. ಚಿಂತೆಯುಳ್ಳವನಿಗೆ ಏರ್ಪಾಟು ಬೇಕು. ಹಣವೋ, ದಾರಿಯೋ, ಒಂದು ಸಲಹೆಯೋ. ಕಳವಳಗೊಂಡವಳಿಗೆ ಸುದ್ದಿ ಬೇಕು. ಪರಿತಪಿಸುವವನಿಗೆ ಕ್ಷಮೆ ಬೇಕು. ಹಲುಬುವವರ ಮುಂದೆ ಒಂದು ಗಳಿಗೆ ಸುಮ್ಮನೆ ಕೂರಬೇಕು. ಕೊರಗುವವನಿಗೆ ಜೊತೆ ಬೇಕು. “ಟೆನ್ಷನ್ ಆಗಿದೆ” ಎಂದವನಿಗೆ ಏನು ಬೇಕು? ಕೇಳಿದವರಿಗೆ ತಿಳಿಯದು; ಹೇಳಿದವನಿಗೂ ತಿಳಿಯದು. ಆದ್ದರಿಂದ “ಟೆನ್ಷನ್ ತಗೋಬೇಡ” ಎಂದು ಹೇಳಿ ಫೋನು ಇಡುತ್ತೇವೆ.

ಇದನ್ನು ಅಮೀರ್‌ಪೇಟ್‌ನಲ್ಲಿ ನಿಂತು ಹೇಳಬೇಕಾದ ಅಗತ್ಯ ಹೆಚ್ಚು. ಕಂಪ್ಯೂಟರ್ ತರಬೇತಿಯ ಪೇಟೆ ಎಂದು ಈ ಬಡಾವಣೆಗೆ ದೇಶದಲ್ಲೆಲ್ಲ ಹೆಸರು. ಮೈತ್ರಿವನದ ಸುತ್ತ ಗೋಡೆ ಕಾಣದಂತೆ ಬೋರ್ಡುಗಳು. ಬೋರ್ಡುಗಳ ಹಿಂದೆ ತರಗತಿಗಳು. ಅವುಗಳ ಬೆನ್ನಿಗೆ ಹಾಸ್ಟೆಲುಗಳು. ನಮ್ಮ ಕಲ್ಯಾಣ ಕರ್ನಾಟಕದಿಂದಲೂ ಹುಡುಗ ಹುಡುಗಿಯರು ಬಂದು ಇಲ್ಲಿ ಒಂದು ಕೋಣೆಯಲ್ಲಿ ನಾಲ್ವರಂತೆ ಇರುತ್ತಾರೆ. ಅಪ್ಪ ಹೊಲದ ಮೇಲೆ ಸಾಲ ತೆಗೆದು ಫೀಸು ಕಟ್ಟಿರುತ್ತಾನೆ. ತರಬೇತಿ ಮುಗಿದು ಆರು ತಿಂಗಳಾದರೂ ಕೆಲಸ ಸಿಕ್ಕಿರುವುದಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಗಾದೆ. ಈ ಸಂತೆಯಲ್ಲಿ ನಿದ್ದೆಯಿಲ್ಲದೆ ಮಲಗಿರುವ ಹುಡುಗನೊಬ್ಬ ಊರಿಗೆ ಫೋನು ಮಾಡಿದಾಗ ಆಡುವ ಮಾತು ಒಂದೇ: “ಸ್ವಲ್ಪ ಟೆನ್ಷನ್ ಅದ, ಬ್ಯಾರೆ ಏನಿಲ್ಲ.” ತಾಯಿ ಅದನ್ನು ಚಿಂತೆ ಎಂದು ಕೇಳಿಸಿಕೊಳ್ಳುತ್ತಾಳೆ, ಅದು ಕೊರಗಾಗಿರುತ್ತದೆ. ಎರಡರ ನಡುವೆ ಒಂದು ಜೀವ ಜಾರಿಹೋಗುವಷ್ಟು ಅಂತರವಿದೆ. ಪತ್ರಿಕೆ ಓದುವ ನಿಮಗೆ ನಾನು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಹೇಳಿಕೊಳ್ಳಲು ನಾಚಿಕೆಯೂ ಅಡ್ಡ ಬರುತ್ತದೆ. ಇಲ್ಲಿಂದ ಮೂರನೆಯ ಮೆಟ್ರೋ ನಿಲ್ದಾಣ ಎರ್ರಗಡ್ಡ. ಅಲ್ಲಿ ಸರ್ಕಾರದ ಮಾನಸಿಕ ಚಿಕಿತ್ಸಾಲಯವಿದೆ. ಅಷ್ಟಕ್ಕೇ ಆ ಊರಿನ ಹೆಸರು ಹೈದರಾಬಾದಿನಲ್ಲಿ ಬೈಗುಳವಾಯಿತು. “ಇವನನ್ನು ಎರ್ರಗಡ್ಡಕ್ಕೆ ಕಳಿಸಿ” ಎಂದು ಹುಡುಗರು ನಗುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸಿನ ಹೆಸರಿಗೂ ಇದೇ ಗತಿ. ಬೇನೆ ಬಂದವನು ಹೋಗಬೇಕಾದ ಬಾಗಿಲಿನ ಹೆಸರನ್ನೇ ನಗೆಗೆ ಈಡುಮಾಡಿದರೆ ಅವನು ಯಾವ ಮುಖದಿಂದ ಹೋದಾನು?

ಜನರು ತಮ್ಮ ನೋವಿಗೆ ಇಟ್ಟ ಹೆಸರನ್ನು ವೈದ್ಯರು ಕೇಳಿಸಿಕೊಳ್ಳಬೇಕೆಂಬ ತಿಳಿವು ಈಗ ವೈದ್ಯಶಾಸ್ತ್ರದಲ್ಲೂ ಬೆಳೆದಿದೆ. ಆಫ್ರಿಕದ ಜಿಂಬಾಬ್ವೆಯ ಶೋನಾ ಜನರಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ನಮ್ಮ ಚಿಂತೆಯ, ಹೈದರಾಬಾದಿನ ಫಿಕ್ರಿನ ಆಫ್ರಿಕದ ಅಣ್ಣ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ತನ್ನ ರೋಗಲಕ್ಷಣಗಳ ಕೈಪಿಡಿಯಲ್ಲಿ ಈ ಮಾತನ್ನು ಹೆಸರಿಸಿ ವಿವರಿಸಿದೆ. ಹಳ್ಳಿಯ ಅಜ್ಜಿಯ ಮಾತು ವೈದ್ಯರ ಪುಸ್ತಕಕ್ಕೆ ಏರಿತೆಂದರೆ, ಆ ಮಾತಿನಲ್ಲಿ ವೈದ್ಯರಿಗೂ ಉಪಯೋಗವಾಗುವ ತಿಳಿವಳಿಕೆ ಇತ್ತೆಂದೇ ಅರ್ಥ. ನಮ್ಮ ಅಜ್ಜಿಯರ ಕೊರಗು, ಕಳವಳಗಳಲ್ಲಿಯೂ ಅದು ಇದೆ.

ನಮ್ಮ ದೇಶದಲ್ಲಿಯೂ ಒಂದು ಅನುಕೂಲವಾಗಿದೆ. ಮಕ್ಕಳು ದಯವಿಟ್ಟು ನೆನಪಿಡಬೇಕು. ೨೦೨೨ರ ಅಕ್ಟೋಬರ್ ೧೦ರಂದು ಭಾರತ ಸರ್ಕಾರ ‘ಟೆಲಿ ಮಾನಸ್’ ಎಂಬ ದೂರವಾಣಿ ಸಹಾಯವನ್ನು ಆರಂಭಿಸಿತು. ಸಂಖ್ಯೆ ೧೪೪೧೬. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಎನ್ನದೆ ಕರೆಯಬಹುದು. ಕನ್ನಡದಲ್ಲಿ ಮಾತನಾಡುವ ಏರ್ಪಾಟು ಅದರಲ್ಲಿದೆ, ತೆಲುಗಿನಲ್ಲೂ ಇದೆ. ನೋವನ್ನು ಹೇಳಿಕೊಳ್ಳಲು ಇಂಗ್ಲಿಷ್ ಬರಬೇಕಾಗಿಲ್ಲ.

ಪದಗಳಿಂದ ರೋಗ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ನೂರು ಪದ ಬಲ್ಲ ಪಂಡಿತನೂ ಕೊರಗಬಲ್ಲ. ಚಿಂತೆ ಇದ್ದವನನ್ನೂ ಬಿಡದು, ಇಲ್ಲದವನನ್ನೂ ಬಿಡದು ಎಂಬುದನ್ನು ಪುರಂದರದಾಸರು ಒಂದು ಇಡೀ ಕೀರ್ತನೆಯ ವಸ್ತುವಾಗಿ ಮಾಡಿದರು. ಅದನ್ನು ಹಾಡಿದ ಮಾತ್ರಕ್ಕೆ ಯಾರ ಬಾಡಿಗೆಯೂ ತೀರಲಿಲ್ಲ. ಆದರೆ ನೋವಿಗೆ ತಕ್ಕ ಹೆಸರು ಸಿಕ್ಕಿದಾಗ ಎರಡು ಕೆಲಸವಾಗುತ್ತವೆ. ಹೇಳುವವನಿಗೆ ಅದು ತನ್ನಿಂದ ಒಂದು ಮಾರು ದೂರ ಸರಿದು, ನೋಡಬಹುದಾದ ವಸ್ತುವಾಗುತ್ತದೆ. ಕೇಳುವವನಿಗೆ ತಾನು ಮಾಡಬೇಕಾದದ್ದೇನೆಂದು ತಿಳಿಯುತ್ತದೆ. ‘ವರಿ’ಯ ವಾಕ್ಯದಿಂದ ಮಾಯವಾದ ಆ ನಾಯಿ ಮತ್ತೆ ಕಣ್ಣಿಗೆ ಬೀಳುತ್ತದೆ, ಕಂಡ ನಾಯಿಯನ್ನು ಓಡಿಸಲು ನಾಲ್ಕು ಜನ ಕೋಲು ಹಿಡಿದು ಬರುತ್ತಾರೆ.

ರಾಜ್ಯೋತ್ಸವಕ್ಕೂ ಈ ಮಾತುಗಳಿಗೂ ಇರುವ ಸಂಬಂಧವನ್ನು ಹೇಳಿ ಮುಗಿಸುತ್ತೇನೆ. ೧೯೫೬ರ ನವೆಂಬರ್ ೧ರವರೆಗೆ ಕಲಬುರಗಿ, ಬೀದರ, ರಾಯಚೂರು ಕಡೆಯ ಕನ್ನಡಿಗನಿಗೆ ಹೈದರಾಬಾದು ಪರಊರಲ್ಲ. ಅದು ಅವನ ರಾಜಧಾನಿ. ಕೋರ್ಟು ಕಚೇರಿ ಇಲ್ಲಿ, ಓದು ಇಲ್ಲಿ, ನೌಕರಿ ಇಲ್ಲಿ. ಆ ದಿನ ಹೈದರಾಬಾದ್ ರಾಜ್ಯ ಒಡೆದು, ಕನ್ನಡ ಭಾಗ ವಿಶಾಲ ಮೈಸೂರನ್ನು ಸೇರಿತು. ಈ ನಗರ ಆಂಧ್ರ ಪ್ರದೇಶಕ್ಕೆ ಹೋಯಿತು. ೧೯೭೩ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ೨೦೧೪ರಲ್ಲಿ ಈ ನಗರ ತೆಲಂಗಾಣದ್ದಾಯಿತು. ೧೯೫೬ರಲ್ಲಿ ಇಲ್ಲೇ ಉಳಿದ ಕನ್ನಡ ಮನೆಗಳು ಮನೆ ಬದಲಾಯಿಸದೆಯೇ ಬೇರೆ ರಾಜ್ಯದವರಾದವು. ಹತ್ತಾರು ವರ್ಷಗಳ ಕನಸು ಕೈಗೂಡಿದ ಹರ್ಷ ಅವರಿಗೂ ಇತ್ತು. ಮನೆಯ ಹಬ್ಬವನ್ನು ಬೀದಿಯಾಚೆ ನಿಂತು ನೋಡಿದ ನೋವೂ ಇತ್ತು. ಅದನ್ನು ‘ವರಿ’ ಎನ್ನಲಾಗದು, ‘ಟೆನ್ಷನ್’ ಎಂದರೆ ನಗೆಪಾಟಲು. ಅದು ಹಂಬಲ. ಕೊರಗಾಗಬಹುದಾಗಿದ್ದ ಆ ಹಂಬಲವನ್ನು ಅವರು ಕೆಲಸಕ್ಕೆ ಹಚ್ಚಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಬೆನ್ನಿಗೆ ನಿಂತದ್ದು ಅಂಥ ಹಂಬಲವೇ. ಇಂದು ಈ ಸಭೆ ಸೇರಿಸಿರುವುದೂ ಅದೇ.

ಕನ್ನಡ ಸಂಘವೊಂದು ಪರಊರಿನಲ್ಲಿ ಮಾಡಬಹುದಾದ ದೊಡ್ಡ ಕೆಲಸ ನಾಟಕ, ಸಂಗೀತ, ಭೋಜನಗಳಿಗೆ ಮುಗಿಯುವುದಿಲ್ಲ. ಕನ್ನಡದಲ್ಲಿ ನೋಯುವವನಿಗೆ ಕನ್ನಡದಲ್ಲಿ ಕೇಳುವವರಿದ್ದಾರೆ ಎಂಬ ಧೈರ್ಯ ಕೊಡುವುದೂ ಅದರ ಕೆಲಸ. ನನ್ನ ಬೇಡಿಕೆ ಚಿಕ್ಕದು. ಮನೆಯ ಮಗು “ಟೆನ್ಷನ್” ಎಂದಾಗ, “ಬಿಡು, ಏನೂ ಆಗಲ್ಲ” ಎಂದು ಹೇಳುವ ಮೊದಲು ಪಕ್ಕದಲ್ಲಿ ಕೂತು ಇನ್ನೊಂದು ಪ್ರಶ್ನೆ ಕೇಳಿ. “ಚಿಂತೆಯೇನಪ್ಪಾ? ಕಳವಳವೇ? ಏನಾದರೂ ಕೊರಗಿದೆಯೇನವ್ವಾ?” ಉತ್ತರ ತೆಲುಗಿನಲ್ಲಿ ಬರಲಿ, ಇಂಗ್ಲಿಷಿನಲ್ಲಿ ಬರಲಿ, ಕಣ್ಣೀರಿನಲ್ಲಿಯೇ ಬರಲಿ, ಚಿಂತೆಯಿಲ್ಲ. ಈ ಹಾಸ್ಟೆಲುಗಳಲ್ಲಿರುವ ನಮ್ಮ ಕಡೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ರೊಟ್ಟಿ ಬಡಿಸುವಾಗ ಮುಖವನ್ನೂ ಒಂದಿಷ್ಟು ನೋಡಿ.

ಮರುಗು ಎಂಬ ಮಾತನ್ನು ನಮ್ಮ ಹಿರಿಯರು ನಮಗೆ ಬಿಟ್ಟುಹೋಗಿದ್ದಾರೆ. ಅದನ್ನು ನಿಘಂಟಿನಲ್ಲಿ ಉಳಿಸುವುದು ಪಂಡಿತರಿಗೆ ಸೇರಿದ್ದು. ನಡತೆಯಲ್ಲಿ ಉಳಿಸುವುದು ನಮಗೆ ಸೇರಿದ್ದು.